ನಾಲ್ಕು ತೂತು ಮತ್ತು ಒಂದು ಆಣೆ

1992ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ, ನಾನೇ ಬಿಟ್ಟೆ. ಬೆಳಕವಾಡಿಯ ಸ್ಕೂಲಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ತೆಂಗಿನ ತೋಟವಿತ್ತು. ಅಲ್ಲಿ ಎಳನೀರು ಇಳಿಸುವವರನ್ನು ನೋಡುತ್ತ ನಿಂತರೆ ಬೆಲ್ಲು ಹೊಡೆದದ್ದು ಕೇಳಿಸುತ್ತಿರಲಿಲ್ಲ. ಒಂದು ದಿನ ಅವರು ನನ್ನನ್ನೂ ಮರ ಹತ್ತಿಸಿ ನೋಡಿದರು. ಇಳಿದು ಬಂದಾಗ ಅವರ ಮೇಸ್ತ್ರಿ, ಇವನು ಮರಕ್ಕೆ ಹುಟ್ಟಿದವನ ಹಾಗಿದ್ದಾನೆ ಅಂದ. ಆ ಒಂದು ಮಾತಿನ ಮೇಲೆ ಮೂವತ್ತು ವರ್ಷ ದುಡಿದೆ.

ಎಳನೀರು ಇಳಿಸುವುದು ಬಲಿತ ಕಾಯಿ ಕೆಡವಿದ ಹಾಗಲ್ಲ. ಎಳನೀರು ಮೇಲಿಂದ ಬಿದ್ದರೆ ಒಡೆಯುತ್ತದೆ. ಹೊರಗೆ ಒಡೆಯದಿದ್ದರೂ ಒಳಗೆ ಸೀಳು ಬಿಟ್ಟು, ಲಾರಿ ದೂರದ ಊರು ಮುಟ್ಟುವಷ್ಟರಲ್ಲಿ ಹುಳಿಯಾಗಿರುತ್ತದೆ. ಅದಕ್ಕೇ ಗೊನೆಗೆ ಹಗ್ಗ ಕಟ್ಟಿ, ಹಗ್ಗವನ್ನು ಗಟ್ಟಿ ಗರಿಯೊಂದರ ಮೇಲಿಂದ ಹಾಯಿಸಿ, ಗೊನೆ ಕೊಯ್ದು, ಮೆಲ್ಲಗೆ ಇಳಿಸಬೇಕು. ಮೇಲಿರುವವನು ಕಟ್ಟಿ ಕೊಯ್ಯುತ್ತಾನೆ. ಕೆಳಗಿರುವವರು ಹಗ್ಗದ ಇನ್ನೊಂದು ತುದಿಯನ್ನು ಬುಡಕ್ಕೆ ಒಂದು ಸುತ್ತು ಸುತ್ತಿ ಹಿಡಿದು, ಬೇಕಾದಷ್ಟೇ ಬಿಡುತ್ತ ಹೋಗುತ್ತಾರೆ. ಗೊನೆ ಕೊಯ್ದ ಮೇಲೆ ಮರದ ಮೇಲಿರುವವನು ಬಾಯಿ ಮುಚ್ಚಿಕೊಂಡಿರಬೇಕು, ಅದು ನಮ್ಮ ಕೆಲಸದ ಕಟ್ಟು. ಗೊನೆ ಎತ್ತ ತೂಗುತ್ತದೆ, ಕೆಳಗೆ ಕರು ನಿಂತಿದೆಯೋ ಕರೆಂಟಿನ ತಂತಿ ಇದೆಯೋ, ಅವನಿಗೆ ಗರಿಗಳ ನಡುವೆ ಕಾಣುವುದಿಲ್ಲ. ಹಗ್ಗ ಹಿಡಿದವರದೇ ತೀರ್ಮಾನ.

ಮದುವೆಯಾದ ವರ್ಷದಿಂದ ನನ್ನ ಹಗ್ಗ ಹಿಡಿದವಳು ನನ್ನ ಹೆಂಡತಿ ಜಯಮ್ಮ. ಗಂಡ ಹೆಂಡತಿ ಇಬ್ಬರೇ ಸೇರಿ ತೋಟ ಇಳಿಸುವವರು ನಮ್ಮ ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ನನಗೆ ಅದರ ಜಂಬ ಇತ್ತು, ಈಗಲೂ ಇದೆ.

ಮರ ಹತ್ತುವವನಿಗೆ ಕೈಕಾಲು ಎಷ್ಟು ಮುಖ್ಯವೋ ಹೊಟ್ಟೆಯೂ ಅಷ್ಟೇ ಮುಖ್ಯ. ಎರಡೂ ಪಾದಕ್ಕೆ ಸೇರಿಸಿ ಹಾಕಿದ ಬಳ್ಳಿ ಬಿಗಿದು ಮೇಲಕ್ಕೆ ಒದೆಯುವಾಗ ಇಡೀ ಮೈಯ ಭಾರ ಹೊಟ್ಟೆಯ ನರಕ್ಕೆ ಬರುತ್ತದೆ. ಮರವನ್ನು ಅಪ್ಪಿ ನಿಂತು ಸುಧಾರಿಸಿಕೊಳ್ಳುವಾಗ ಹೊಟ್ಟೆಯೇ ಮರಕ್ಕೆ ಒತ್ತಿಕೊಂಡಿರುತ್ತದೆ. ಈ ಮಾತು ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೆ ಕಾಯಿಲೆ ಬಂದದ್ದು ಅಲ್ಲೇ.

ಮೊದಲು ಬಂದದ್ದು ನೋವಲ್ಲ, ತುರಿಕೆ. ಅಂಗೈ, ಅಂಗಾಲು, ಬೆನ್ನು. ತೋಟದಲ್ಲಿ ಇರುವೆಯೋ ನೊಣವೋ ಕಚ್ಚಿರಬೇಕು ಅಂದುಕೊಂಡೆ. ಎಣ್ಣೆ ಹಚ್ಚಿದೆ, ಬೇವಿನ ಸೊಪ್ಪು ಹಾಕಿ ಸ್ನಾನ ಮಾಡಿದೆ. ತುರಿಕೆ ಚರ್ಮದ ಮೇಲೆ ಇರಲಿಲ್ಲ, ಒಳಗೆಲ್ಲೋ ಇತ್ತು. ಊಟ ಮಾಡಿದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಯಾರೋ ಮುಷ್ಟಿ ಇಟ್ಟು ತಿರುವಿದ ಹಾಗೆ ಆಗಿ, ಬೆನ್ನಿನ ತನಕ ಹೋಗುತ್ತಿತ್ತು. ಗ್ಯಾಸು ಅಂತ ಮಾತ್ರೆ ನುಂಗಿದೆ. ಒಂದು ಮಧ್ಯಾಹ್ನ ಮರದಿಂದ ಇಳಿದು ನೀರು ಕುಡಿಯುವಾಗ ಜಯಮ್ಮ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಕಣ್ಣು ಹಳದಿಯಾಗಿದೆ ಅಂದಳು. ಉಚ್ಚೆ ಹೇಗೆ ಹೋಗುತ್ತದೆ ಅಂತ ಕೇಳಿದಳು. ಕಾಫಿ ಡಿಕಾಕ್ಷನ್ ಹಾಗೆ ಹೋಗುತ್ತಿತ್ತು, ನಾನು ಹೇಳಿರಲಿಲ್ಲ.

ನಮ್ಮ ಕಡೆ ಕಣ್ಣು ಹಳದಿಯಾದರೆ ಯಾರೂ ಡಾಕ್ಟರ ಹತ್ತಿರ ಮೊದಲು ಹೋಗುವುದಿಲ್ಲ. ಕಾಮಾಲೆಗೆ ಇಂಗ್ಲಿಷ್ ಔಷಧಿ ಹಿಡಿಯುವುದಿಲ್ಲ, ಸೊಪ್ಪಿನ ರಸವೇ ಆಗಬೇಕು ಅನ್ನುವುದು ಎಲ್ಲರೂ ಒಪ್ಪಿದ ಮಾತು. ನಾನೂ ಹಾಗೇ ಮಾಡಿದೆ. ಪಕ್ಕದ ಊರಿನ ಒಬ್ಬ ಯಜಮಾನರು ಬೆಳಗಿನ ಖಾಲಿ ಹೊಟ್ಟೆಗೆ ಸೊಪ್ಪು ಅರೆದು ಮೇಕೆ ಹಾಲಿನಲ್ಲಿ ಕೊಡುತ್ತಾರೆ. ಅವರು ಕೆಟ್ಟವರಲ್ಲ, ಕೈಯೊಡ್ಡಿ ಏನೂ ಕೇಳುವವರಲ್ಲ. ಅವರ ಕೈಯಲ್ಲಿ ವಾಸಿಯಾದವರನ್ನು ನಾನೇ ಕಂಡಿದ್ದೇನೆ. ಉಪ್ಪು ಇಲ್ಲ, ಎಣ್ಣೆ ಇಲ್ಲ, ಖಾರ ಇಲ್ಲ, ಬರೀ ಮಜ್ಜಿಗೆ ಅನ್ನ. ಎಣ್ಣೆ ಬಿಟ್ಟದ್ದಕ್ಕೋ ಏನೋ ನೋವು ಸ್ವಲ್ಪ ತಗ್ಗಿತು, ಅದರಿಂದ ನನಗೆ ಧೈರ್ಯ ಬಂತು. ಹಳದಿ ಮಾತ್ರ ಇಳಿಯಲಿಲ್ಲ, ಕಣ್ಣಿನಿಂದ ಮುಖಕ್ಕೆ, ಮುಖದಿಂದ ಎದೆಗೆ ಬಂತು. ಇನ್ನೊಂದು ವಾರ, ಇನ್ನೊಂದು ವಾರ ಅಂತ ತಳ್ಳಿದೆ. ಜಯಮ್ಮ ಮಳವಳ್ಳಿಗೆ ಹೋಗಿ ರಕ್ತ ತೋರಿಸೋಣ ಅಂದಾಗೆಲ್ಲ, ಪಥ್ಯ ಮುರಿಯಬಾರದು ಅಂತ ಬಾಯಿ ಮುಚ್ಚಿಸಿದೆ.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನನ್ನ ಪಥ್ಯ ಮುಗಿಯಿತು. ಜಯಮ್ಮನ ತಮ್ಮ ನಿಂಗರಾಜು ಮತ್ತು ನಾನು ಗಾಡಿಯಿಂದ ಗೊನೆ ಇಳಿಸುತ್ತಿದ್ದೆವು. ಸುಡು ಬಿಸಿಲು. ಒಮ್ಮೆಗೇ ಚಳಿ ಶುರುವಾಯಿತು. ಅಂಥ ಚಳಿ ನಾನು ಕಂಡಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು, ಕೈಯಲ್ಲಿದ್ದ ಗೊನೆ ಬಿದ್ದು ಎಳನೀರು ಉರುಳಿಕೊಂಡು ಹೋಯಿತು. ಅಲ್ಲೇ ರಾಶಿಯ ಪಕ್ಕ ಮುದುರಿ ಕೂತೆ. ವ್ಯಾಪಾರದವರು ಮೂರ್ನಾಲ್ಕು ಗೋಣಿಚೀಲ ತಂದು ಹೊದಿಸಿದರು. ಒಬ್ಬರು ಎಳನೀರು ಕೊಚ್ಚಿ ಬಾಯಿಗೆ ಹಿಡಿದರು, ಅದೂ ಒಳಕ್ಕೆ ಹೋಗಲಿಲ್ಲ.

ಮದ್ದೂರಿನಲ್ಲಿ ನೋಡಿದ ಡಾಕ್ಟರು ಹೊಟ್ಟೆಯ ಮೇಲೆ ಕೈ ಇಟ್ಟವರೇ ನಿಂಗರಾಜುವಿನ ಕಡೆ ತಿರುಗಿ, ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಮನೆಗೆ ಹೋಗಿ ಬಟ್ಟೆ ತರುತ್ತೇವೆ ಅನ್ನಬೇಡಿ ಅಂದರು.

ಮಂಡ್ಯದ ಆಸ್ಪತ್ರೆಯಲ್ಲಿ ಕಾಯುವುದು ಏನು ಅಂತ ಕಲಿತೆ. ನಾನು ಕಾದು ಗೊತ್ತಿರುವವನಲ್ಲ. ಮರದಲ್ಲಿ ಗೊನೆ ಬಲಿಯುವುದನ್ನು ಕಾಯುತ್ತೇವೆ ನಿಜ, ಆದರೆ ಕೂತು ಕಾಯುವುದಿಲ್ಲ. ಇಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಬ್ಬಿಣದ ಬೆಂಚು, ಒಂದೊಂದು ಬೆಂಚಿಗೂ ಒಂದೊಂದು ಊರು. ಹೆಸರು ಕರೆಯುವ ನರ್ಸು ಬಾಗಿಲಿಗೆ ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ಏಳುವುದು, ಒಬ್ಬರು ಒಳಗೆ ಹೋಗುವುದು, ಉಳಿದವರು ಕೂರುವುದು. ನನ್ನ ಪಕ್ಕ ಒಬ್ಬ ಮುದುಕಿ ತನ್ನ ಸೊಸೆಗೆ ನನ್ನನ್ನು ತೋರಿಸಿ, ನೋಡು ಪಾಪ ಅರಿಶಿನ ಬಳಿದ ಹಾಗೆ ಆಗಿದ್ದಾನೆ ಅಂದಳು. ಊರಲ್ಲಾಗಿದ್ದರೆ ತಿರುಗಿಸಿ ಒಂದು ಮಾತು ಅನ್ನುತ್ತಿದ್ದೆ. ಅಲ್ಲಿ, ತುರಿಕೆಗೆ ಬೆನ್ನನ್ನು ಗೋಡೆಗೆ ಉಜ್ಜುತ್ತ ಕೂತಿದ್ದೆ.

ಪಿತ್ತಕೋಶದ ತುಂಬ ಕಲ್ಲು. ಅದರಲ್ಲಿ ಕೆಲವು ಜಾರಿ ಪಿತ್ತ ಹರಿಯುವ ನಾಳದಲ್ಲಿ ಕೂತು ದಾರಿ ಕಟ್ಟಿವೆ. ಹಿಂದೆ ಕೀವು ಹಿಡಿದಿದೆ. ಇಷ್ಟು ನನಗೆ ಅರ್ಥವಾದದ್ದು. ಗದ್ದೆಯ ತೂಬಿಗೆ ಕಲ್ಲು ಸಿಕ್ಕಿಕೊಂಡರೆ ನೀರು ಹಿಂದಕ್ಕೆ ನಿಲ್ಲುತ್ತದಲ್ಲ, ಹಾಗೆ. ತೂಬಿಗೆ ಸಿಕ್ಕಿದ ಕಲ್ಲಿಗೆ ಸೊಪ್ಪಿನ ರಸ ಏನು ಮಾಡೀತು ಅಂತ ಆಗ ಹೊಳೆಯಿತು, ತಡವಾಗಿ.

ಮೈಸೂರಿಗೆ ಕಳಿಸಿದರು. ಬಾಯೊಳಗಿನಿಂದ ಪೈಪು ಇಳಿಸಿ ಕಲ್ಲು ಎಳೆಯುವ ಪ್ರಯತ್ನ ಮಾಡಿದರು. ಕಲ್ಲು ದೊಡ್ಡದು, ಬರಲಿಲ್ಲ. ಅದರ ಪಕ್ಕದಲ್ಲೇ ಸಣ್ಣ ಕೊಳವೆಯೊಂದನ್ನು ತೂರಿಸಿಟ್ಟು, ಸದ್ಯಕ್ಕೆ ಪಿತ್ತ ಹರಿಯಲಿ, ಕಲ್ಲನ್ನು ಆಪರೇಷನ್ ಮಾಡಿಯೇ ತೆಗೆಯಬೇಕು ಅಂತ ಹೇಳಿ ಮಂಡ್ಯಕ್ಕೇ ವಾಪಸು ಕಳಿಸಿದರು. ಜ್ವರ ಬಿಟ್ಟಿತು. ಎರಡು ಮೂರು ದಿನದಲ್ಲಿ ತುರಿಕೆಯೂ ನಿಂತಿತು. ತುರಿಕೆ ನಿಂತ ದಿನ ಮಧ್ಯಾಹ್ನವೆಲ್ಲ ಮಲಗಿ ನಿದ್ದೆ ಮಾಡಿದೆ. ಅಂಥ ನಿದ್ದೆ ದೇವರು ಶತ್ರುವಿಗೂ ಕೊಡಲಿ.

ಆಪರೇಷನ್ ಮಾಡಬೇಕಾದ ಡಾಕ್ಟರು ಒಬ್ಬ ಹೆಂಗಸು, ನಮ್ಮ ಜಿಲ್ಲೆಯ ಕಡೆಯವರೇ. ಡಾಕ್ಟ್ರಮ್ಮ ಅಂತಲೇ ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದರು. ನನ್ನ ಪಕ್ಕದ ಮಂಚದಲ್ಲಿ ಮದ್ದೂರಿನ ಪುಟ್ಟಸ್ವಾಮಿ ಅಂತ ಒಬ್ಬ ಬಸ್ ಕಂಡಕ್ಟರ್ ಇದ್ದ, ನನ್ನ ವಯಸ್ಸಿನವನೇ. ಅವನಿಗೂ ಪಿತ್ತದ ಕಲ್ಲು, ಆದರೆ ನಾಳಕ್ಕೆ ಇಳಿದಿರಲಿಲ್ಲ. ನಾಲ್ಕು ತೂತು ಮಾಡಿ, ಕ್ಯಾಮೆರಾ ಬಿಟ್ಟು, ಪಿತ್ತಕೋಶ ತೆಗೆದಿದ್ದರು. ಮಾರನೆಯ ದಿನವೇ ಅವನು ವಾರ್ಡಿನಲ್ಲಿ ಟಿಕೆಟ್ ಕೊಡುವವನ ಹಾಗೆ ಮಂಚದಿಂದ ಮಂಚಕ್ಕೆ ಓಡಾಡುತ್ತಿದ್ದ. ಅಂಗಿ ಎತ್ತಿ ನಾಲ್ಕು ಸಣ್ಣ ಪಟ್ಟಿ ತೋರಿಸಿದ. ಅವನನ್ನು ನೋಡಿ ನನಗೆ ಜೀವ ಬಂತು. ನಾಲ್ಕು ತೂತು ಅಂದರೆ ನಾನು ಮತ್ತೆ ಮರ ಹತ್ತುತ್ತೇನೆ.

ಹೊಟ್ಟೆ ಕುಯ್ಯುವುದು ಅಂದರೆ ನನಗೆ ನನ್ನ ದೊಡ್ಡಪ್ಪ. ನಾನು ಹುಡುಗನಾಗಿದ್ದಾಗ ಅವರಿಗೆ ಯಾವುದೋ ಕಾಯಿಲೆಗೆ ಹೊಟ್ಟೆ ಕುಯ್ದಿದ್ದರು. ಆಮೇಲೆ ಅವರು ನೇಗಿಲು ಹಿಡಿಯಲಿಲ್ಲ. ಒಂದು ಬಿಂದಿಗೆ ಎತ್ತಲಿಲ್ಲ. ಜಗಲಿಯ ಮೇಲೆ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸಿಕೊಂಡೇ ಉಳಿದ ಕಾಲ ಕಳೆದರು. ಊರಲ್ಲಿ ಅವರಿಗೆ ಹೆಸರೇ ಹೋಗಿ 'ಒಟ್ಟೆ ಕುಯ್ಸ್ಕೊಂಡೋನು' ಅಂತ ಆಯಿತು. ಸಾಯುವುದಕ್ಕೆ ನಾನು ಅಷ್ಟು ಹೆದರಲಿಲ್ಲ. ಜಗಲಿಗೆ ಹೆದರಿದೆ.

ಡಾಕ್ಟ್ರಮ್ಮನಿಗೆ ನೇರವಾಗಿ ಹೇಳಿದೆ, ತೂತಿನದೇ ಮಾಡಿ, ಕುಯ್ಯುವುದಾದರೆ ಬೇಡ. ಅವರು ಕುರ್ಚಿ ಎಳೆದುಕೊಂಡು ಕೂತರು. ತೂತಿನಿಂದಲೇ ಶುರು ಮಾಡುತ್ತೇನೆ, ಅದರಲ್ಲೇ ಮುಗಿದರೆ ನನಗೂ ಸಂತೋಷ ಅಂದರು. ಆಮೇಲೆ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಒಳಗೆ ಕೀವಾಗಿ ಎಲ್ಲ ಅಂಟಿಕೊಂಡಿದ್ರೆ ಕ್ಯಾಮೆರಾದಲ್ಲಿ ಯಾವುದು ಏನು ಅಂತ ಗೊತ್ತಾಗಲ್ಲ. ಗೊತ್ತಾಗದೆ ಇರೋ ಕಡೆ ನಾನು ಕತ್ತರಿ ಹಾಕಲ್ಲ. ತೂತೋ ಗಾಯವೋ ಅನ್ನೋದನ್ನ ನಿಮ್ಮ ಹೊಟ್ಟೆ ಹೇಳುತ್ತೆ, ನಾನು ಹೇಳೋದಲ್ಲ, ನೀವು ಹೇಳೋದಲ್ಲ."

ನಾನು ಒಪ್ಪಲಿಲ್ಲ. ಹಾಗೇನಾದರೂ ಆದರೆ ನಿಲ್ಲಿಸಿ, ಎಬ್ಬಿಸಿ, ನನ್ನನ್ನು ಕೇಳಿ ಅಂದೆ. ಮತ್ತೆ ಮತ್ತೆ ಮಂಪರು ಕೊಡುವುದು ಆಟವಲ್ಲ, ಅಂಥ ಷರತ್ತಿನ ಮೇಲೆ ಕೈ ಹಾಕುವುದಿಲ್ಲ ಅಂತ ಅವರೂ ಗಟ್ಟಿಯಾಗೇ ಹೇಳಿದರು. ಕೊನೆಗೆ ಒಂದು ದಾರಿ ಹೇಳಿದರು. ನಿಮ್ಮ ಪರವಾಗಿ ತೀರ್ಮಾನ ಮಾಡುವವರು ಯಾರಾದರೂ ಹೊರಗೆ ಇರಲಿ, ನಾನು ಬಂದು ಅವರನ್ನು ಕೇಳುತ್ತೇನೆ, ಅವರು ಹೇಳಿದ್ದಕ್ಕೆ ನೀವು ಬದ್ಧ ಅಂತ ಬರೆದುಕೊಡಿ ಅಂದರು. ಜಯಮ್ಮನ ಹೆಸರು ಹೇಳಿದೆ. ಹೇಳುವಾಗಲೇ ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು.

ಅವತ್ತು ಸಂಜೆ ಅವಳನ್ನು ವಾರ್ಡಿನ ಹೊರಗಿನ ಮೆಟ್ಟಿಲಿಗೆ ಕರೆದೆ. ನನ್ನ ತಲೆಯ ಮೇಲೆ ಕೈ ಇಡು ಅಂದೆ. ಅವಳಿಗೆ ಕೂಡಲೇ ಗೊತ್ತಾಯಿತು. ನಮ್ಮಲ್ಲಿ ತಲೆ ಮುಟ್ಟಿ ಇಟ್ಟ ಆಣೆ ಹುಡುಗಾಟದ್ದಲ್ಲ. ಮುರಿದರೆ ಮುರಿದವರಿಗೆ ಏನೂ ಆಗುವುದಿಲ್ಲ, ಯಾರ ತಲೆ ಮುಟ್ಟಿದ್ದರೋ ಅವರಿಗೆ ಆಗುತ್ತದೆ. ಅದಕ್ಕೇ ಅದು ಅಷ್ಟು ಬಿಗಿ. ನಮ್ಮ ಅಮ್ಮ ಸಾಯುವ ತನಕ ಒಂದು ಮನೆಯ ನೀರು ಮುಟ್ಟಲಿಲ್ಲ, ನಮ್ಮ ಅಪ್ಪನ ತಲೆ ಮುಟ್ಟಿ ಇಟ್ಟ ಆಣೆಗೆ.

"ಒಟ್ಟೆ ಕುಯ್ಯಾಕೆ ನಾನು ಒಪ್ಪಾಕಿಲ್ಲ ಅಂತ ಅನ್ನು" ಅಂದೆ.

"ತಲೆಗಿಲೆ ಕೆಟ್ಟದಾ ನಿಂಗೆ" ಅಂದಳು. "ಅವ್ರು ಡಾಕ್ಟ್ರು, ನಾನೇನ್ ಹೇಳ್ಲಿ ಅವ್ರಿಗೆ?"

"ಬ್ಯಾಡ ಅನ್ನು, ಅಷ್ಟೇಯ. ಜಗಲಿ ಮ್ಯಾಲೆ ಕೂತ್ಕೊಂಡು ಬಾಳಾಕೆ ನನ್ ಕೈಲಾಗಾಕಿಲ್ಲ ಕಣಮ್ಮಿ. ಇಡು ಕೈಯ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಇಟ್ಟು, ನಾನು ಅಂದ ಹಾಗೆ ಅಂದಳು. ಕೈ ತಣ್ಣಗಿತ್ತು. "ಆಯ್ತು ಬುಡು, ಇಟ್ಟಾಯ್ತಲ್ಲ" ಅಂತ ಸೆರಗು ಕೊಡವಿಕೊಂಡು ಒಳಗೆ ಹೋದಳು. ನಾನು ಗೆದ್ದೆ ಅಂದುಕೊಂಡೆ.

ಬೆಳಿಗ್ಗೆ ಹಸಿರು ಬಟ್ಟೆ ಹಾಕಿಸಿ ತಳ್ಳಿಕೊಂಡು ಹೋದರು. ಉಡುದಾರ ಬಿಚ್ಚಿಸಿದ್ದರು, ಹುಟ್ಟಿದಾಗಿಂದ ಸೊಂಟದಲ್ಲಿ ಅದಿಲ್ಲದೆ ಇದ್ದದ್ದೇ ಗೊತ್ತಿಲ್ಲ, ಮೈ ಬರಿದಾದ ಹಾಗಿತ್ತು. ಬಾಗಿಲಿನ ಹತ್ತಿರ ಜಯಮ್ಮ, ನಿಂಗರಾಜು ನಿಂತಿದ್ದರು. ಒಳಗೆ ತುಂಬ ಚಳಿ. ಒಬ್ಬ ನರ್ಸಮ್ಮ, ನಿಮ್ಮದು ಯಾವ ಊರು, ಏನು ಕೆಲಸ ಅಂತ ಕೇಳಿದರು. ಎಳನೀರು ಅಂದೆ. ನಮ್ಮ ಮನೆಗೆ ಎರಡು ತಂದುಕೊಡಿ ಅಂತ ನಕ್ಕರು. ಆ ನಗು ನೋಡುತ್ತಿದ್ದ ಹಾಗೆಯೇ ಮಂಪರು ಬಂತು.

ಮುಂದಿನದನ್ನು ನಾನು ಕಂಡಿಲ್ಲ, ನಿಂಗರಾಜು ಆಮೇಲೆ ಹೇಳಿದ್ದು. ತುಂಬ ಹೊತ್ತಾದ ಮೇಲೆ ಡಾಕ್ಟ್ರಮ್ಮ ಹಣೆಯ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರಂತೆ. ಒಳಗೆ ಎಲ್ಲ ಒಂದಕ್ಕೊಂದು ಮೆತ್ತಿಕೊಂಡಿದೆ, ನಾಳ ಯಾವುದು, ರಕ್ತದ ದಾರಿ ಯಾವುದು ಕಾಣುತ್ತಿಲ್ಲ, ತೆರೆದರೆ ಕೈಯಿಂದ ಮುಟ್ಟಿ ನೋಡಿ ಬಿಡಿಸಬಲ್ಲೆ, ಏನು ಮಾಡಲಿ ಅಂದರಂತೆ. ಜಯಮ್ಮ ಒಂದೇ ಮಾತು ಕೇಳಿದಳಂತೆ, ಈಗ ಮುಚ್ಚಿ ಕಳಿಸಿದರೆ ಏನಾಗುತ್ತದೆ? ಕಲ್ಲು ಅಲ್ಲೇ ಇರುತ್ತದೆ, ಮೈಸೂರಿನಲ್ಲಿ ಇಟ್ಟ ಕೊಳವೆ ಒಂದಲ್ಲ ಒಂದು ದಿನ ಕಟ್ಟಿಕೊಳ್ಳುತ್ತದೆ, ಮತ್ತೆ ಅದೇ ಜ್ವರ, ಮುಂದಿನ ಸಲ ಉಳಿಯುತ್ತಾರೆ ಅಂತ ಹೇಳಲಾರೆ ಅಂದರಂತೆ ಡಾಕ್ಟ್ರಮ್ಮ.

"ತಗೀರವ್ವ" ಅಂದಳಂತೆ ಜಯಮ್ಮ. ಹೇಳಿ, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳಂತೆ.

ನನಗೆ ಎಚ್ಚರವಾದಾಗ ಮೊದಲು ಗೊತ್ತಾದದ್ದು ಉಸಿರು. ಪೂರ್ತಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಕೈ ತಾನಾಗೇ ಹೊಟ್ಟೆಗೆ ಹೋಯಿತು. ಸಣ್ಣ ಪಟ್ಟಿಗಳಿಗಾಗಿ ಹುಡುಕಿದೆ. ಅವೂ ಇದ್ದವು, ಆದರೆ ಅವುಗಳ ಜೊತೆಗೆ ಬಲಪಕ್ಕೆಯ ಕೆಳಗೆ ಓರೆಯಾಗಿ, ಒಂದು ಗೇಣಿಗಿಂತ ಉದ್ದ, ದಪ್ಪನೆಯ ಬಟ್ಟೆ. ಅದರ ಪಕ್ಕದಿಂದ ಒಂದು ರಬ್ಬರ್ ಕೊಳವೆ ಹೊರಗೆ ಬಂದು ಮಂಚಕ್ಕೆ ಕಟ್ಟಿದ ಚೀಲಕ್ಕೆ ಇಳಿದಿತ್ತು. ಚೀಲದಲ್ಲಿ ಪಿತ್ತ, ಹೊಂಗೆ ಎಣ್ಣೆಯ ಬಣ್ಣ. ಜಯಮ್ಮ ಮಂಚದ ಕಾಲ ಕಡೆ ನಿಂತಿದ್ದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗೋಡೆ ಕಡೆ ತಿರುಗಿದೆ.

ಆ ದಿನಗಳಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ನೀರು ಬೇಕಾದರೆ ನಿಂಗರಾಜುವಿಗೆ ಕೇಳುತ್ತಿದ್ದೆ. ಅವಳು ಬೆನ್ನಿಗೆ ದಿಂಬು ಕೊಟ್ಟರೆ ಕೊಡಿಸಿಕೊಳ್ಳುತ್ತಿದ್ದೆ, ಬೇಡ ಅನ್ನಲು ಮೈಯಲ್ಲಿ ಕಸುವಿರಲಿಲ್ಲ. ಕೆಮ್ಮು ಬಂದರೆ ಹೊಟ್ಟೆ ಬಿರಿದು ಹೋದ ಹಾಗೆ ಆಗುತ್ತಿತ್ತು. ಹೊಟ್ಟೆಗೆ ದಿಂಬು ಅವುಚಿಕೊಂಡು ಕೆಮ್ಮಿ ಅಂತ ನರ್ಸಮ್ಮ ಹೇಳಿಕೊಟ್ಟರು. ಅದೊಂದು ಸಣ್ಣ ಉಪಾಯ, ಆದರೆ ಹೊಟ್ಟೆ ಕುಯ್ಸಿಕೊಂಡ ಯಾರನ್ನು ಕಂಡರೂ ನಾನು ಈಗ ಮೊದಲು ಹೇಳುವುದು ಅದನ್ನೇ.

ಪುಟ್ಟಸ್ವಾಮಿಗೆ ಅಷ್ಟರಲ್ಲಿ ಮನೆಗೆ ಹೋಗಲು ಹೇಳಿದ್ದರು. ಹೊರಡುವ ಮುಂಚೆ ನನ್ನ ಮಂಚದ ಹತ್ತಿರ ಬಂದು ಬ್ಯಾಂಡೇಜು ನೋಡಿದ.

"ನಂದು ಗುಂಡಿ, ನಿಂದು ಜಿಪ್ಪು ಕಣಯ್ಯ" ಅಂದ. "ಒಳಗಿನ ಮಾಲು ಒಂದೇಯ. ಎದ್ದು ನಾಕೆಜ್ಜೆ ಆಕು, ಮನೀಕಂಡ್ರೆ ಬಸ್ಸು ಓಗ್ಬುಡ್ತದೆ."

ನಗು ಬಂತು. ನಕ್ಕರೆ ನೋವು, ದಿಂಬು ಅವುಚಿಕೊಂಡೇ ನಕ್ಕೆ. ಅವನಿಗೆ ಬೈದೆ ಕೂಡ. ಆಪರೇಷನ್ ಆದ ಮೇಲೆ ನಾನು ಜೋರಾಗಿ ಆಡಿದ ಮೊದಲ ಮಾತು ಆ ಬೈಗುಳ.

ಅವನು ಹೋದ ದಿನವೇ ನಿಂಗರಾಜು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, ಅಕ್ಕ ಅನ್ನ ಮುಟ್ಟಿಲ್ಲ, ಟೀ ಕುಡಿದುಕೊಂಡೇ ಇದ್ದಾಳೆ. ಯಾಕೆ ಅಂದೆ. "ಆಣೆ ಅಂಗೇ ನಿಂತದೆ ಬಾವ, ನೀನು ಬುಡಾಗಂಟ ನಾನು ಉಣ್ಣಾಕಿಲ್ಲ ಅಂತಾಳೆ. ನಿಂಗೆ ಜ್ವರದ ಕಾವು ಒಂದ್ ಚೂರು ಬಂದ್ರೂ ಓಗಿ ಬಾತ್ರೂಮಲ್ಲಿ ಅಳ್ತಾಳೆ."

ಆಣೆ ಹಾಕಿಸಿದವನು ತಾನಾಗಿ ಬಿಡಬೇಕು, ಅದು ನಮ್ಮ ಮನೆತನದ ಪದ್ಧತಿ. ಆಣೆ ಇಟ್ಟವರ ಅಂಗೈಗೆ ನೀರು ಹಾಕಿ, ಬಿಟ್ಟೆ ಅನ್ನಬೇಕು, ಅವರು ಆ ನೀರನ್ನು ನೆಲಕ್ಕೆ ಬಿಡಬೇಕು. ಅಲ್ಲಿಯವರೆಗೆ ಅದು ತಲೆಯ ಮೇಲೆ ಕೂತಿರುತ್ತದೆ. ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡು ಗೋಡೆ ನೋಡುತ್ತಿದ್ದೆ. ಅವಳು, ತಾನು ಮುರಿದ ಆಣೆ ನನ್ನನ್ನು ತೆಗೆದುಕೊಂಡು ಹೋಗುತ್ತದೆ ಅಂತ ಹೆದರಿ ನನ್ನ ಕಾಲ ಕಡೆ ಕೂತು ಉಸಿರು ಎಣಿಸುತ್ತಿದ್ದಳು. ಅಂದರೆ ಬಾಗಿಲಲ್ಲಿ ಡಾಕ್ಟ್ರಮ್ಮ ಕೇಳಿದಾಗ ಅವಳಿಗೆ ಎರಡು ಕಡೆಯೂ ನನ್ನ ಸಾವೇ ಕಂಡಿತ್ತು. ಬೇಡ ಅಂದರೆ ಕಲ್ಲಿನಿಂದ, ಹೂಂ ಅಂದರೆ ಆಣೆಯಿಂದ. ಎರಡರಲ್ಲಿ ಒಂದನ್ನು ಒಬ್ಬಳೇ ನಿಂತು ಆರಿಸಿದ್ದಳು.

ಅವಳನ್ನು ಹತ್ತಿರ ಕರೆದೆ. ಕರೆದು ಕೂಡ ನನ್ನ ಬಾಯಲ್ಲಿ ಬಂದದ್ದು ಜಗಳವೇ. ಯಾಕೆ ಒಪ್ಪಿದೆ ಅಂದೆ.

"ನೀನು ಮರದ ಮ್ಯಾಲಿದ್ದೆ" ಅಂದಳು. "ಅಗ್ಗ ನನ್ ಕೈಲಿತ್ತು. ಗೊನೆ ಕುಯ್ದ ಮ್ಯಾಲೆ ಎಂದಾದ್ರೂ ನಿನ್ ಮಾತು ಕೇಳಿ ಅಗ್ಗ ಬುಟ್ಟಿದ್ದೀನಾ ನಾನು?"

ಮಂಚದ ಪಕ್ಕದ ಸ್ಟೀಲ್ ಲೋಟ ತೆಗೆದುಕೊಂಡೆ. ಅವಳ ಅಂಗೈಗೆ ನೀರು ಹಾಕಿ, ಬುಟ್ಟೆ ಅಂದೆ. ಅವಳು ಅಲ್ಲೇ ವಾರ್ಡಿನ ನೆಲಕ್ಕೆ ಬಿಟ್ಟಳು. ಆ ಹೊತ್ತಿಗೇ ಒಳಗೆ ಬಂದ ನರ್ಸಮ್ಮ, ಇದೇನಮ್ಮ ನೆಲವೆಲ್ಲ ಒದ್ದೆ ಮಾಡುತ್ತೀರಿ, ಯಾರಾದರೂ ಜಾರಿ ಬಿದ್ದರೆ ಅಂತ ರೇಗಿದರು. ಜಯಮ್ಮ ಸೆರಗಿನಿಂದ ನೆಲ ಒರೆಸಿದಳು. ಆಮೇಲೆ ಹೊರಗೆ ಹೋಗಿ, ಕ್ಯಾಂಟೀನಿನ ಮುದ್ದೆ ಕಲ್ಲಿನ ಹಾಗಿದೆ ಅಂತ ಬೈದುಕೊಂಡೇ ಎರಡು ಮುದ್ದೆ ಉಂಡು ಬಂದಳಂತೆ.

ಡಾಕ್ಟ್ರಮ್ಮ ಒಂದು ಬಾಟಲಿಯಲ್ಲಿ ಕಲ್ಲು ತಂದು ತೋರಿಸಿದರು, ಮೈಸೂರಿನಲ್ಲಿ ಇಟ್ಟಿದ್ದ ಕೊಳವೆಯನ್ನೂ ಜೊತೆಗೇ ತೆಗೆದೆ ಅಂದರು. ಹುಣಸೆ ಬೀಜದ ಬಣ್ಣ, ಅದರಲ್ಲಿ ದೊಡ್ಡದು ನೆಲ್ಲಿಕಾಯಿಗಿಂತ ಸ್ವಲ್ಪ ಚಿಕ್ಕದು. ನಾನು ಅವರನ್ನು ಒಂದು ಮಾತು ಕೇಳಬೇಕು ಅಂತಿದ್ದೆ, ಕೇಳಲು ಧೈರ್ಯ ಬಂದಿರಲಿಲ್ಲ. ಅವತ್ತು ಕೇಳಿದೆ. ಸೊಪ್ಪಿನ ಔಷಧಿ ಕುಡಿಯುತ್ತ ಕೂರದೆ ಮೊದಲೇ ಬಂದಿದ್ದರೆ ತೂತಿನಲ್ಲೇ ಮುಗಿಯುತ್ತಿತ್ತಾ? ಅವರು ಯೋಚಿಸಿ ಹೇಳಿದರು. ಇರಬಹುದು. ಕೀವಾಗಿ ಅಂಟಿಕೊಂಡದ್ದು ಆ ದಿನಗಳಲ್ಲೇ. ಆದರೆ ಬೇಗ ಬಂದವರಿಗೂ ನಾನು ತೆರೆದಿದ್ದೇನೆ, ತಡವಾಗಿ ಬಂದವರಿಗೂ ತೂತಿನಲ್ಲಿ ಮುಗಿಸಿದ್ದೇನೆ. ಅದನ್ನು ಹಿಡಿದುಕೊಂಡು ಕೂರಬೇಡಿ ಅಂದರು.

ಹಿಡಿದುಕೊಂಡು ಕೂತೆ, ಸುಳ್ಳು ಯಾಕೆ ಹೇಳಲಿ. ಚೀಲ ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯುವಾಗ ಅದೇ ಯೋಚನೆ. ತೂತಿನದು ಮೇಲು, ಕುಯ್ದದ್ದು ಕೀಳು ಅಂತ ನನ್ನ ತಲೆಯಲ್ಲಿ ಯಾರು ಇಟ್ಟರು? ತೂತಿನದನ್ನು ಕಂಪ್ಯೂಟರ್ ಆಪರೇಷನ್ ಆಯಿತು ಅಂತ ಊರಲ್ಲಿ ಹೇಳಿಕೊಳ್ಳುವವರು ಒಂದು ಥರ ಎದೆ ಸೆಟೆಸಿ ಹೇಳುತ್ತಾರೆ, ಕುಯ್ಸಿಕೊಂಡವರು ಅಂಗಿ ಎಳೆದುಕೊಳ್ಳುತ್ತಾರೆ. ತೂತಿನಲ್ಲಿ ಮುಗಿದರೆ ಬೇಗ ಎದ್ದು ಓಡಾಡುತ್ತಾರೆ, ನೋವು ಕಡಿಮೆ, ಅದು ನಿಜ, ಪುಟ್ಟಸ್ವಾಮಿಯನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನನ್ನ ಒಳಗೆ ಆ ದಿನ ತೂತಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕಾಣದ ಕಡೆ ಕತ್ತರಿ ಹಾಕುವುದಿಲ್ಲ ಅಂದ ಡಾಕ್ಟರು ನನಗೆ ಸಿಕ್ಕಿದ್ದರು. ನಾನಾಗಿದ್ದರೆ ಜಂಬಕ್ಕೆ ಬಿದ್ದು ಹಾಕಿಯೇ ಬಿಡುತ್ತಿದ್ದೆನೇನೋ.

ಕೊಳವೆ ಮತ್ತು ಚೀಲದ ಜೊತೆಯೇ ಮನೆಗೆ ಕಳಿಸಿದರು. ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು ಚೀಲ ನೋಡಿ, ಏನೂ ಕೇಳದೆ ಮುಂದಿನ ಸೀಟಿನವರನ್ನು ಎಬ್ಬಿಸಿ ಕೂರಿಸಿದ. ಡ್ರೈವರ್ ಹಳ್ಳ ಬಂದ ಕಡೆಯೆಲ್ಲ ನಿಧಾನ ಮಾಡಿದ. ಅವರಿಬ್ಬರ ಹೆಸರೂ ನನಗೆ ಗೊತ್ತಿಲ್ಲ. ಕೆಲವು ವಾರ ಕಳೆದ ಮೇಲೆ ಮತ್ತೆ ಮಂಡ್ಯಕ್ಕೆ ಹೋದೆವು. ಬಣ್ಣದ ಔಷಧಿ ಬಿಟ್ಟು ಎಕ್ಸರೇ ತೆಗೆದು, ದಾರಿ ಸಲೀಸಾಗಿದೆ ಅಂತ ನೋಡಿಕೊಂಡು, ಕೊಳವೆಯನ್ನು ಎಳೆದು ತೆಗೆದರು. ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದೆ. ಮುಗಿಯಿತು ಅಂದಾಗ, ಇಷ್ಟೇನಾ ಅನ್ನಿಸಿತು.

ಮರ ಯಾವಾಗ ಹತ್ತಬಹುದು ಅಂತ ಡಾಕ್ಟ್ರಮ್ಮನನ್ನು ಕೇಳಿದೆ. ಆರು ತಿಂಗಳು ಬಿಂದಿಗೆ ಕೂಡ ಎತ್ತಬೇಡಿ, ಆಮೇಲೆ ನಿಮ್ಮ ಹೊಟ್ಟೆಯನ್ನೇ ಕೇಳಿ, ಆದರೆ ಹೊಲಿಗೆಯ ಜಾಗ ಉಬ್ಬಿದರೆ ಇನ್ನೊಂದು ಆಪರೇಷನ್ನಿಗೆ ನನ್ನ ಹತ್ತಿರವೇ ಬರಬೇಕಾಗುತ್ತದೆ ಅಂದರು.

ಆರು ತಿಂಗಳು ಜಗಲಿಯ ಮೇಲೆ ಕೂತೆ. ನಾನು ಯಾವುದಕ್ಕೆ ಹೆದರಿದ್ದೆನೋ ಅಲ್ಲೇ ಕೂತೆ. ಬಂದವರು ಅಂಗಿ ಎತ್ತಿಸಿ ನೋಡಿದರು. ಅಯ್ಯೋ ಇಷ್ಟುದ್ದವಾ ಅಂದರು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಕೇಳುವ ಮೊದಲೇ ನಾನೇ ತೋರಿಸತೊಡಗಿದೆ. ನೋಡಲು ಬಂದವರಲ್ಲಿ ಒಬ್ಬ ಹುರುಳಿ ವ್ಯಾಪಾರದವನ ಕಣ್ಣು ಹಳದಿಯಾಗಿತ್ತು. ಸೊಪ್ಪಿನ ಪಥ್ಯದಲ್ಲಿದ್ದ. ಪಥ್ಯ ಬೇಕಾದರೆ ಮಾಡು, ಮೊದಲು ಸ್ಕ್ಯಾನಿಂಗ್ ಮಾಡಿಸಿ ಬಾ ಅಂತ ಗದರಿಸಿ ಮಳವಳ್ಳಿ ಬಸ್ಸು ಹತ್ತಿಸಿದೆ. ಅವನದು ಕಲ್ಲಲ್ಲ, ಬರೀ ಕಾಮಾಲೆಯೇ. ಪುಣ್ಯಕ್ಕೆ.

ಹತ್ತಬಹುದು ಅನ್ನಿಸಿದ ದಿನ ಮನೆಯ ಹಿಂದಿನ ಮರಕ್ಕೆ ಹೋದೆ. ಜಯಮ್ಮ ಬೇಡ ಅನ್ನಲಿಲ್ಲ. ಹಗ್ಗ ತಂದು ಬುಡದಲ್ಲಿ ನಿಂತಳು. ಕಾಲಿಗೆ ಬಳ್ಳಿ ಹಾಕಿ ಹತ್ತಿದೆ. ಮೊದಲ ನಾಲ್ಕು ಒದೆತಕ್ಕೆ ಮೈಗೆ ಹಳೆಯದೆಲ್ಲ ನೆನಪಾಯಿತು, ಹೇಳಲಾರದಷ್ಟು ಸಂತೋಷವಾಯಿತು. ಎರಡಾಳು ಎತ್ತರಕ್ಕೆ ಹೋಗುವಾಗ ಪಕ್ಕೆಯ ಕೆಳಗೆ ಯಾರೋ ಒಳಗಿನಿಂದ ಅಂಗಿ ಹಿಡಿದು ಎಳೆದ ಹಾಗಾಯಿತು. ನೋವಲ್ಲ. ಬೇಡ ಅನ್ನುವ ಹಾಗೆ ಒಂದು ಸೆಳೆತ. ಮರವನ್ನು ಅಪ್ಪಿಕೊಂಡು ನಿಂತೆ. ಇನ್ನೂ ಮೇಲೆ ಹೋಗಬಹುದಿತ್ತು, ನನ್ನ ಕೈಕಾಲಿಗೆ ಶಕ್ತಿ ಇತ್ತು. ಹಳೆಯ ನಾನಾಗಿದ್ದರೆ ಹೋಗಿಯೇ ಹೋಗುತ್ತಿದ್ದೆ. ಕೆಳಗೆ ನೋಡಿದೆ. ಅವಳು ಹಗ್ಗ ಹಿಡಿದು ಮೇಲಕ್ಕೆ ನೋಡುತ್ತಿದ್ದಳು. ಇಳಿದು ಬಂದೆ.

ಆ ವಾರವೇ ನಿಂಗರಾಜು ಹತ್ತಿದ, ನಾನು ಹಗ್ಗ ಹಿಡಿದೆ. ಸುಲಭ ಅಂದುಕೊಂಡಿದ್ದೆ. ಮೊದಲ ಗೊನೆ ಜೋರಾಗಿ ಜಾರಿ ಅಂಗೈ ಸುಟ್ಟಿತು. ಜಯಮ್ಮ ಪಕ್ಕದಲ್ಲಿ ನಿಂತು, ಹಗ್ಗವನ್ನು ಕೈಯಿಂದ ಅಲ್ಲ ಕಾಲೂರಿ ಬಿಡಬೇಕು ಅಂತ ಹೇಳಿಕೊಟ್ಟಳು. ಹೊಟ್ಟೆಗೆ ಭಾರ ಬೀಳದ ಹಾಗೆ ನಿಲ್ಲುವುದು ಹೇಗೆ ಅಂತಲೂ ತೋರಿಸಿದಳು. ಕಲಿಯಲು ಒಂದು ಸೀಸನ್ ಹಿಡಿಯಿತು. ಮೇಲಿನಿಂದ ನಿಂಗರಾಜು ಹಾಗೆ ಬಿಡು ಹೀಗೆ ಬಿಡು ಅಂತ ಕೂಗಿದರೆ ಈಗ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆಪರೇಷನ್ ಆಗಿ ಮೂರು ವರ್ಷ ಆಗುತ್ತ ಬಂತು. ಕಣ್ಣು ಬಿಳಿಯಾಗಿದೆ, ಉಪ್ಪು ಖಾರ ಎಲ್ಲ ತಿನ್ನುತ್ತೇನೆ. ಈಗ ನನಗೆ ಇರುವುದು ಇಷ್ಟು. ಸ್ವಂತದ ತೆಂಗಿನ ಮರ ಇಪ್ಪತ್ತಾರು. ಗದ್ದೆ ಮುಕ್ಕಾಲು ಎಕರೆ. ಹಸು ಒಂದು. ಒಬ್ಬಳು ಹೆಂಡತಿ, ಒಬ್ಬ ಭಾವಮೈದ. ಹೊಟ್ಟೆಯ ಮೇಲೆ ತೂತಿನ ಕಲೆ ನಾಲ್ಕು, ಗಾಯದ ಗೆರೆ ಒಂದು. ಪಿತ್ತಕೋಶ ಇಲ್ಲ. ನಾನು ಹತ್ತುವ ಮರ, ಒಂದೂ ಇಲ್ಲ.